ಅಡ್ವಾನ್ಸ್ ಕೊಟ್ಟ ತೋಟ ಇನ್ನೂ ನಿಮ್ಮದಲ್ಲ

ತಿಪಟೂರಿನ ಎಪಿಎಂಸಿ ಪ್ರಾಂಗಣಕ್ಕೆ ಕೊಬ್ಬರಿ ತಂದ ರೈತ ಒಂದೇ ದಿನದಲ್ಲಿ ವ್ಯವಹಾರ ಕುದುರಿಸಿ ಊರಿನ ಬಸ್ಸು ಹತ್ತಬಲ್ಲ. ಮಾಲು ಕಣ್ಣೆದುರಿಗಿದೆ. ವರ್ತಕ ಕ್ವಿಂಟಲಿಗೆ ಇಷ್ಟು ಎಂದು ಬೆಲೆ ಹಾಕುತ್ತಾನೆ, ರೈತ ಒಪ್ಪುತ್ತಾನೆ, ತೂಕವಾಗುತ್ತದೆ, ಬಿಲ್ಲು ಕೈಗೆ ಬರುತ್ತದೆ. ಕೊಟ್ಟಿದ್ದೇನು, ಪಡೆದಿದ್ದೇನು ಎಂಬ ಬಗ್ಗೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಅದೇ ರೈತ ಆ ಕೊಬ್ಬರಿ ಬೆಳೆದ ಎರಡು ಎಕರೆ ತೋಟವನ್ನೇ ಮಾರಲು ಹೊರಟನೆನ್ನಿ. ಮಾತುಕತೆ ಮುಗಿದು ಅಡ್ವಾನ್ಸ್ ಕೈಸೇರಿದ ದಿನಕ್ಕೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವ ದಿನಕ್ಕೂ ನಡುವೆ ಆರು ತಿಂಗಳು ಸರಿಯಬಹುದು, ಎರಡು ವರ್ಷವೂ ಹಿಡಿಯಬಹುದು. ಆ ಅವಧಿಯಲ್ಲಿ ಮರ ಕಾಯಿ ಬಿಡುತ್ತಲೇ ಇರುತ್ತದೆ, ಬೆಲೆ ಏರುತ್ತದೆ ಇಲ್ಲವೇ ಇಳಿಯುತ್ತದೆ, ಬೋರು ಬತ್ತುತ್ತದೆ, ಮದುವೆಯಾಗಿ ಹೋದ ಮಗಳು ಪಾಲು ಕೇಳುತ್ತಾಳೆ, ಕೊಟ್ಟ ಮಾತನ್ನು ಒಬ್ಬರು ಮರೆಯುತ್ತಾರೆ. ಕೋರ್ಟಿನ ಮೆಟ್ಟಿಲೇರುವ ಎಷ್ಟೋ ಜಮೀನು ದಾವೆಗಳ ಬೇರು ಈ ನಡುಗಾಲದಲ್ಲಿದೆ. ಆ ಕಾಲವನ್ನು ಕಾಯಬೇಕಾದ ಕರಾರು ಪತ್ರವೇ ನಮ್ಮಲ್ಲಿ ಅತ್ಯಂತ ಅವಸರದಲ್ಲಿ ಬರೆಯುವ ಕಾಗದ.

ಅವಸರಕ್ಕೆ ಕಾರಣಗಳೂ ಇವೆ. ಬೆಂಗಳೂರು–ಅರಸೀಕೆರೆ ರೈಲು ಮಾರ್ಗ, ತುಮಕೂರಿನಿಂದ ಶಿವಮೊಗ್ಗದ ಕಡೆಗೆ ಸಾಗುವ ಹೆದ್ದಾರಿಯ ಅಗಲೀಕರಣ, ಇವೆರಡೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯನ್ನು ರಾಜಧಾನಿಗೆ ಹತ್ತಿರ ತಂದಿವೆ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ, 79ಸಿ ಕಲಂಗಳನ್ನು ತೆಗೆದುಹಾಕಿದ ಮೇಲೆ, ರೈತ ಕುಟುಂಬದವರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ಕೊಬ್ಬರಿ ಬೆಲೆಯಂತೂ ಒಂದು ಕಡೆ ನಿಲ್ಲುವುದೇ ಇಲ್ಲ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ 2024ರಲ್ಲಿ ಕ್ವಿಂಟಲಿಗೆ 12,000 ರೂಪಾಯಿ, 2025ರಲ್ಲಿ 12,100 ರೂಪಾಯಿ. ತಿಪಟೂರು ಮಾರುಕಟ್ಟೆಯ ದರ 2025ರಲ್ಲಿ ಅದರ ಎರಡು ಪಟ್ಟನ್ನೂ ದಾಟಿತು. ಬೆಲೆ ಬಿದ್ದ ಕಾಲದಲ್ಲಿ ತೋಟ ಮಾರಲು ಒಪ್ಪಿದವನಿಗೆ ಏರಿದ ಕಾಲದಲ್ಲಿ ಹೊಟ್ಟೆ ಉರಿಯುವುದು ಸಹಜ. ಆ ಸಂಕಟ ಅರ್ಥವಾಗುವಂಥದ್ದೇ. ಆದರೆ ಅದು ಮಾತು ತಪ್ಪಲು ಕಾನೂನು ಒಪ್ಪುವ ಕಾರಣವಲ್ಲ.

ಜಮೀನಿನ ಕರಾರಿಗೂ ಮೂಲ 1872ರ ಭಾರತೀಯ ಕರಾರು ಕಾಯ್ದೆಯೇ. ಇಬ್ಬರೂ ಕರಾರು ಮಾಡಿಕೊಳ್ಳಲು ಅರ್ಹರಾಗಿರಬೇಕು, ಒಪ್ಪಿಗೆಯಲ್ಲಿ ಬಲವಂತವಾಗಲಿ ಮೋಸವಾಗಲಿ ಇರಬಾರದು, ಕೊಟ್ಟಿದ್ದಕ್ಕೆ ಪ್ರತಿಫಲ ಇರಬೇಕು, ಉದ್ದೇಶ ಕಾನೂನಿಗೆ ವಿರುದ್ಧವಾಗಿರಬಾರದು ಎನ್ನುತ್ತದೆ ಅದರ 10ನೇ ಕಲಂ. ಮಾರುವ ಕರಾರು ಬರಹದಲ್ಲೇ ಇರಬೇಕೆಂಬ ನಿಯಮ ಅಲ್ಲಿಲ್ಲ. ಬ್ರಿಜ್ ಮೋಹನ್ ಮತ್ತು ಸುಗ್ರಾ ಬೇಗಂ ನಡುವಿನ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಬಾಯಿಮಾತಿನ ಕರಾರೂ ಕರಾರೇ, ಆದರೆ ಅದನ್ನು ರುಜುವಾತು ಮಾಡುವ ಭಾರವೆಲ್ಲ ಅದನ್ನು ನಂಬಿಕೊಂಡು ಬಂದವನ ತಲೆಯ ಮೇಲೆ. ಅರಳಿಕಟ್ಟೆಯಲ್ಲಿ ನಾಲ್ಕು ಜನರೆದುರು ಎಲೆ ಅಡಿಕೆ ಬದಲಿಸಿಕೊಂಡು ಆಡಿದ ಮಾತಿಗೆ ಬೆಲೆ ಇದೆ. ಆದರೆ ಹತ್ತು ವರ್ಷದ ಮೇಲೆ ಆ ನಾಲ್ವರಲ್ಲಿ ಎಷ್ಟು ಜನ ಬದುಕಿರುತ್ತಾರೆ, ಬದುಕಿದ್ದವರು ಎಷ್ಟು ನೆನಪಿಟ್ಟಿರುತ್ತಾರೆ ಎಂಬುದನ್ನು ಯಾರೂ ಹೇಳಲಾರರು.

ಮಾಲೀಕತ್ವದ ಮಾತು ಬೇರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಎರಡು ಸಂಗತಿಗಳನ್ನು ಬಿಡಿಸಿ ಹೇಳುತ್ತದೆ. ನೂರು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿ ಮಾರಾಟ ನೋಂದಾಯಿತ ಪತ್ರದಿಂದ ಮಾತ್ರ ಸಾಧ್ಯ. ಮಾರುತ್ತೇನೆಂಬ ಕರಾರು ತನ್ನಷ್ಟಕ್ಕೆ ಆ ಸ್ವತ್ತಿನಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಅಂದರೆ ನೀವು ಮುಕ್ಕಾಲು ಪಾಲು ಹಣ ಕೊಟ್ಟಿದ್ದರೂ ತೋಟ ಇನ್ನೂ ಮಾರುವವನದೇ. ನಿಮ್ಮ ಕೈಯಲ್ಲಿರುವುದು ಅವನು ಕೊಟ್ಟ ಮಾತು, ಮತ್ತು ಆ ಮಾತನ್ನು ಕೋರ್ಟಿನ ಮೂಲಕ ನಡೆಸಿಕೊಡಿಸುವ ಹಕ್ಕು.

ಈಗ ಒಂದು ತೋಟವನ್ನು ಹತ್ತಿರದಿಂದ ನೋಡೋಣ. ನೊಣವಿನಕೆರೆ ಕಡೆ ಎರಡು ಎಕರೆ ಜಮೀನು ಎಂದಿಟ್ಟುಕೊಳ್ಳಿ. ಮೂವತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು 48 ಮರ, ಒಟ್ಟು ತೊಂಬತ್ತಾರು. ಮೂಲೆಯಲ್ಲಿ ತೋಟದ ಮನೆ, ಅದರ ಅಟ್ಟದ ಮೇಲೆ ಕೊಬ್ಬರಿಯಾಗಲು ಬಿಟ್ಟ ಕಾಯಿ. ಒಂದು ಬೋರ್‌ವೆಲ್, ಐಪಿ ಸೆಟ್ ಕನೆಕ್ಷನ್. ರಸ್ತೆಯಿಂದ ತೋಟಕ್ಕೆ ಬರಲು ಅಣ್ಣನ ಹೊಲದ ಬದುವಿನ ಮೇಲೆ ಬಂಡಿ ದಾರಿ. ಕೊಳ್ಳುವವನು ಇವನ್ನೆಲ್ಲ ಕಣ್ಣಾರೆ ನೋಡಿ, ಮರ ಎಣಿಸಿ, ಮೋಟಾರು ಹಾಕಿಸಿ ನೀರು ನೋಡಿ ಬೆಲೆ ಕಟ್ಟಿರುತ್ತಾನೆ. ಕರಾರು ಪತ್ರದಲ್ಲಿ ಮಾತ್ರ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ, ಬೆಲೆ, ಅಡ್ವಾನ್ಸ್ ಇಷ್ಟೇ ಇರುತ್ತವೆ.

ಮರಗಳ ವಿಷಯದಲ್ಲಿ ಕಾನೂನು ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ನೆಲಕ್ಕೆ ಬೇರು ಬಿಟ್ಟ ತೆಂಗಿನ ಮರ ಸ್ಥಿರಾಸ್ತಿಯ ಭಾಗ. ಬೇರೆ ಮಾತಾಗದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆಯ 8ನೇ ಕಲಮಿನ ಪ್ರಕಾರ ಜಮೀನಿನ ಜೊತೆಗೇ ಅದು ಕೊಂಡವನಿಗೆ ಹೋಗುತ್ತದೆ. ಮರದ ಮೇಲಿನ ಫಲದ ಲೆಕ್ಕ ಬೇರೆ, 1908ರ ನೋಂದಣಿ ಕಾಯ್ದೆ ಅದನ್ನು ಚರಾಸ್ತಿ ಎಂದು ಕರೆಯುತ್ತದೆ. ಮಾಲೀಕತ್ವ ಕೈಬದಲಾಗುವವರೆಗೆ ಸ್ವತ್ತಿನ ಆದಾಯ ಮಾರುವವನಿಗೇ ಸೇರಬೇಕೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಹಾಗಾಗಿ ಕರಾರಿಗೂ ನೋಂದಣಿಗೂ ನಡುವೆ ಕಿತ್ತ ಕಾಯಿ, ಬೇರೆ ಷರತ್ತು ಬರೆಯದಿದ್ದರೆ, ತೋಟದ ಹಳೆಯ ಯಜಮಾನನದು. ವರ್ಷವಿಡೀ ಗೊನೆ ಬಿಡುವ ತೆಂಗಿನಲ್ಲಿ ಆರು ತಿಂಗಳೆಂದರೆ ಸಣ್ಣ ಮೊತ್ತವಲ್ಲ. ದರ ಏರಿದ ವರ್ಷದಲ್ಲಂತೂ ಅಡ್ವಾನ್ಸ್ ಹಣದ ಬಡ್ಡಿಗಿಂತ ಕಾಯಿಯ ಬೆಲೆಯೇ ಹೆಚ್ಚಾದೀತು. ಅಟ್ಟದ ಕಾಯಿಯದು ಇನ್ನೊಂದು ತೊಡಕು. ಉಂಡೆ ಕೊಬ್ಬರಿಯಾಗಲು ಹತ್ತು–ಹನ್ನೊಂದು ತಿಂಗಳು ಬೇಕು. ಮನೆ ಸಮೇತ ತೋಟ ಕೊಂಡವನು ಅಟ್ಟವೂ ತನ್ನದೇ ಎಂದುಕೊಳ್ಳುತ್ತಾನೆ. ಮಾರಿದವನು ಕೊಬ್ಬರಿಯಾದ ಮೇಲೆ ಚೀಲ ಹಿಡಿದು ಬರುತ್ತಾನೆ. ಮಾತಿಗೆ ಮಾತು ಬೆಳೆಯಲು ಇಷ್ಟು ಸಾಕು.

ಇದನ್ನು ತಪ್ಪಿಸಲು ಬೇಕಾದದ್ದು ನಾಲ್ಕು ಸಾಲು. "ಈ ಕರಾರಿನ ದಿನದಿಂದ ಶುದ್ಧ ಕ್ರಯಪತ್ರ ನೋಂದಣಿಯಾಗುವವರೆಗೆ ಬರುವ ತೆಂಗಿನ ಫಲವು ಒಂದನೇ ಪಾರ್ಟಿಯವರಿಗೆ ಸೇರತಕ್ಕದ್ದು. ಅಲ್ಲಿಯವರೆಗೆ ತೋಟಕ್ಕೆ ನೀರು, ಗೊಬ್ಬರ ತಪ್ಪಿಸತಕ್ಕದ್ದಲ್ಲ, ಯಾವ ಮರವನ್ನೂ ಕಡಿಯತಕ್ಕದ್ದಲ್ಲ. ತೋಟದ ಮನೆಯ ಅಟ್ಟದಲ್ಲಿರುವ ಕಾಯಿಯನ್ನು ನೋಂದಣಿಯಾದ ಇಂತಿಷ್ಟು ತಿಂಗಳೊಳಗೆ ತೆಗೆದುಕೊಂಡು ಹೋಗತಕ್ಕದ್ದು. ಸದರಿ ಸ್ವತ್ತಿನಲ್ಲಿ ಫಲ ಬಿಡುವ ತೆಂಗಿನ ಮರ ಇಷ್ಟು, ಸಸಿ ಇಷ್ಟು ಇರುತ್ತವೆ." ಪತ್ರ ಬರಹಗಾರರಿಗೆ ಹೇಳಿದರೆ ಹತ್ತು ನಿಮಿಷದ ಕೆಲಸ.

ನೀರು ಮತ್ತು ದಾರಿಗೂ ಇದೇ ಮಾತು. "ಎರಡಿಂಚು ನೀರು" ಎಂದು ಮಾರುವವನು ಹೇಳಿದ್ದು ನಿಜವೋ ಸುಳ್ಳೋ ಎಂಬ ಜಗಳ ನೋಂದಣಿಯಾದ ಮೇಲೆ ಹುಟ್ಟುತ್ತದೆ. ತನಗೆ ಗೊತ್ತಿದ್ದು, ಕೊಳ್ಳುವವನ ಕಣ್ಣಿಗೆ ಸುಲಭವಾಗಿ ಬೀಳದ ಮುಖ್ಯ ದೋಷವನ್ನು ತಿಳಿಸುವುದು ಮಾರುವವನ ಕರ್ತವ್ಯ. ಮರೆಮಾಚಿದರೆ ಅದು ಮೋಸ. ಆದರೆ ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಬಹುದಾಗಿದ್ದನ್ನು ನೋಡದೆ ಹೋದವನಿಗೆ ಕರಾರು ಕಾಯ್ದೆಯ 19ನೇ ಕಲಂ ಹೆಚ್ಚು ಕನಿಕರ ತೋರುವುದಿಲ್ಲ. ಬೇಸಿಗೆಯಲ್ಲಿ ಮೋಟಾರು ಓಡಿಸಿ ನೋಡಿ. ವಿದ್ಯುತ್ ಕನೆಕ್ಷನ್ನಿನ ಆರ್.ಆರ್. ನಂಬರು ಯಾರ ಹೆಸರಿನಲ್ಲಿದೆ, ಬಾಕಿ ಎಷ್ಟಿದೆ, ಅದನ್ನು ಕೊಂಡವನ ಹೆಸರಿಗೆ ಬದಲಿಸಲು ಮಾರುವವನು ಸಹಿ ಹಾಕಿಕೊಡುತ್ತಾನೆಯೇ ಎಂಬುದನ್ನು ಬರೆಸಿ. ದಾರಿ ಸರ್ವೆ ನಕಾಶೆಯಲ್ಲಿ ಇದೆಯೋ ಅಥವಾ ಅಣ್ಣ ತಮ್ಮಂದಿರ ಸಲುಗೆಯಿಂದ ನಡೆದುಬಂದಿದೆಯೋ ನೋಡಿ. ಒಂದೇ ಜಮೀನನ್ನು ಎರಡು ಮಾಡಿ ಹಿಂದಿನ ಭಾಗ ಮಾರಿದಾಗ ಬೇರೆ ದಾರಿಯೇ ಇಲ್ಲದಿದ್ದರೆ, ಅನಿವಾರ್ಯತೆಯ ದಾರಿ ಹಕ್ಕು 1882ರ ಅನುಭೋಗ ಹಕ್ಕುಗಳ ಕಾಯ್ದೆಯಡಿ ಸಿಗುತ್ತದೆ, ನಿಜ. ಆದರೆ ಅದನ್ನು ಪಡೆಯಲು ದಾವೆ ಹೂಡಬೇಕಾದರೆ, ಡಿಕ್ರಿ ಬರುವವರೆಗೆ ಟ್ರ್ಯಾಕ್ಟರ್ ಎಲ್ಲಿ ಓಡಿಸುತ್ತೀರಿ?

ನಮ್ಮ ಹಳಬರು ಇದನ್ನು ಅರಿತವರೇ. ದತ್ತಿ ಶಾಸನಗಳಲ್ಲಿ ಭೂಮಿ ಕೊಡುವಾಗ ನಾಲ್ಕು ದಿಕ್ಕಿನ ಎಲ್ಲೆಯನ್ನು ಕೆರೆ, ಮರ, ಬಂಡೆಯ ಗುರುತು ಹಿಡಿದು ಹೇಳುತ್ತಾರೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗ ತೇಜಸ್ವಾಮ್ಯಗಳನ್ನು ಒಂದೊಂದಾಗಿ ಹೆಸರಿಸಿ ಕೊಡುತ್ತಾರೆ. ಅದೇ ಸಾಲು ಇಂದಿನ ಕ್ರಯಪತ್ರಗಳಲ್ಲೂ ಉಳಿದು ಬಂದಿದೆ. ಸಾಲು ಉಳಿಯಿತು, ಅದರ ಹಿಂದಿದ್ದ ಎಚ್ಚರ ಸಡಿಲಾಯಿತು ಎಂಬುದೇ ನನ್ನ ಬೇಸರ. ಇಂದಿನ ಜಲವೆಂದರೆ ಬೋರ್‌ವೆಲ್, ಕೇಸಿಂಗ್ ಪೈಪು, ಪಂಪು, ಮೀಟರು, ಡ್ರಿಪ್ ಪೈಪು. ಅವುಗಳ ಹೆಸರನ್ನೇ ಬರೆಯಬೇಕು.

ವಿಸ್ತೀರ್ಣದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಪಹಣಿಯಲ್ಲಿ ಎರಡು ಎಕರೆ ಇದ್ದು ಅನುಭವದಲ್ಲಿ ಒಂದು ಎಕರೆ ಮೂವತ್ತು ಗುಂಟೆ ಇರುವುದು ಅಪರೂಪವೇನಲ್ಲ. ಹದ್ದುಬಸ್ತು ಮಾಡಿಸದೆ ಒಟ್ಟು ಮೊತ್ತಕ್ಕೆ ಒಪ್ಪಿಕೊಂಡವನು ಹತ್ತು ಗುಂಟೆಯ ಹಣ ಕಳೆದುಕೊಳ್ಳುತ್ತಾನೆ. ಗುಂಟೆಗೆ ಇಷ್ಟು ಎಂದು ದರ ಬರೆದು, ಅಳತೆಯಲ್ಲಿ ಬಂದಷ್ಟಕ್ಕೆ ಹಣ ಎಂಬ ಷರತ್ತು ಹಾಕಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಇಲ್ಲದೆ ನೋಂದಣಿಯಾಗದು. ಅದನ್ನು ಮಾಡಿಸುವುದು ಯಾರ ಹೊಣೆ, ಎಷ್ಟು ದಿನದೊಳಗೆ ಎಂಬುದು ಕರಾರಿನಲ್ಲೇ ಇರಲಿ.

ಇನ್ನು ಸಹಿ ಹಾಕುವವರು ಯಾರು? ಈ ಭಾಗದ ತೋಟಗಳಲ್ಲಿ ಬಹುಪಾಲು ಅಜ್ಜನೋ ಮುತ್ತಜ್ಜನೋ ನೆಟ್ಟವು. ಪಹಣಿ ಇನ್ನೂ ತೀರಿಹೋದವರ ಹೆಸರಿನಲ್ಲೇ ಇರುತ್ತದೆ, ಪೌತಿ ಖಾತೆಯಾಗಿರುವುದಿಲ್ಲ. ಅಥವಾ ಮನೆಯ ಯಜಮಾನನ ಒಬ್ಬನ ಹೆಸರಿನಲ್ಲಿರುತ್ತದೆ. ಪಹಣಿಯಲ್ಲಿ ಹೆಸರು ಇದ್ದಮಾತ್ರಕ್ಕೆ ಪೂರ್ತಿ ಹಕ್ಕು ಬಂತೆಂದಲ್ಲ. ಅವಿಭಕ್ತ ಕುಟುಂಬದ ಯಜಮಾನ ಕುಟುಂಬದ ಅಗತ್ಯಕ್ಕೋ ಒಳಿತಿಗೋ ಆಸ್ತಿ ಮಾರಬಲ್ಲ. ಆದರೆ ಆ ಅಗತ್ಯ ನಿಜವಾಗಿ ಇತ್ತೆಂದು ತೋರಿಸುವ ಹೊಣೆ ಕೊನೆಗೆ ಕೊಂಡವನ ಮೇಲೆಯೇ ಬೀಳುತ್ತದೆ.

ಹೆಣ್ಣುಮಕ್ಕಳ ಹಕ್ಕಿನ ವಿಚಾರದಲ್ಲಿ ಹಳೆ ಮೈಸೂರು ಸೀಮೆ ಉಳಿದ ದೇಶಕ್ಕಿಂತ ಮುಂದಿತ್ತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ತಂದು, ವಿಧವೆ, ತಾಯಿ, ಅವಿವಾಹಿತ ಹೆಣ್ಣುಮಕ್ಕಳಿಗೆ ಕೆಲವು ಸಂದರ್ಭಗಳಲ್ಲಿ ಪಾಲು ಕೊಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 1994ರಲ್ಲಿ ಬಂದ ಕರ್ನಾಟಕ ತಿದ್ದುಪಡಿ ಆಗ ಮದುವೆಯಾಗಿರದ ಹೆಣ್ಣುಮಕ್ಕಳನ್ನು ಗಂಡುಮಕ್ಕಳಿಗೆ ಸಮಾನ ಹಕ್ಕುದಾರರನ್ನಾಗಿಸಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಅದೇ ಹಕ್ಕು ಕೊಟ್ಟಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಮಾರಾಟ, ನೋಂದಾಯಿತ ಪಾಲುಪತ್ರಗಳನ್ನು ಮಾತ್ರ ಕೆದಕುವಂತಿಲ್ಲ.

ಆದ್ದರಿಂದ "ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಕೊಟ್ಟಾಯ್ತು, ಅವರ ಸಹಿ ಯಾಕೆ" ಎಂಬ ಮಾತನ್ನು ಕೊಳ್ಳುವವರು ಒಪ್ಪಬೇಡಿ. ಅಕ್ಕ ತಂಗಿಯರ ಸಹಿಯನ್ನು ಕ್ರಯಪತ್ರದ ದಿನ ಅಲ್ಲ, ಕರಾರಿನ ದಿನವೇ ಹಾಕಿಸಿ. ಅವರು ಪಾಲು ಬೇಡವೆಂದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಲಿ. ಪಾಲು ಬೇಕೆಂದರೆ ಮಾರಾಟದ ಹಣದಲ್ಲಿ ಅದು ಅವರ ಕೈಗೇ ಸೇರಲಿ. ಇದು ಕೊಳ್ಳುವವನ ರಕ್ಷಣೆಯ ಮಾತು ಮಾತ್ರವಲ್ಲ. ಆ ತೋಟದ ಮೇಲೆ ಅವಳಿಗೂ ಅಷ್ಟೇ ಹಕ್ಕಿದೆ, ಅದನ್ನು ಅವಳಿಗೆ ಹೇಳದೆ ಮಾರುವುದು ಅನ್ಯಾಯ.

ಹದಿನೆಂಟು ತುಂಬದವರ ಜೊತೆಗಿನ ಕರಾರು ಮೊದಲಿನಿಂದಲೇ ಶೂನ್ಯ ಎಂದು ಪ್ರಿವಿ ಕೌನ್ಸಿಲ್ 1903ರಲ್ಲಿ ಮೋಹರಿ ಬೀಬಿ ಪ್ರಕರಣದಲ್ಲಿ ತೀರ್ಮಾನಿಸಿತು. ಅದು ಇಂದಿಗೂ ನಡೆಯುತ್ತಿದೆ. ಮೈನರ್ ಹೆಸರಿನಲ್ಲೇ ಇರುವ ಆಸ್ತಿಯನ್ನು ತಂದೆ ತಾಯಿ ಮಾರಬೇಕಾದರೂ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು.

ಅಡ್ವಾನ್ಸ್ ಹಣದ ಬಗ್ಗೆ ಎಲ್ಲರ ಬಾಯಲ್ಲೂ ಇರುವ ನಂಬಿಕೆ ಒಂದೇ: ಕೊಳ್ಳುವವನು ತಪ್ಪಿದರೆ ಕೊಟ್ಟದ್ದು ಹೋಯಿತು, ಮಾರುವವನು ತಪ್ಪಿದರೆ ಎರಡರಷ್ಟು ಕೊಡಬೇಕು. ಕಾನೂನು ಇಷ್ಟು ಸರಳವಾಗಿಲ್ಲ. ಕರಾರು ಕಾಯ್ದೆಯ 74ನೇ ಕಲಂ, ದಂಡ ಎಷ್ಟೇ ಬರೆದಿದ್ದರೂ ಆ ಮಿತಿಯೊಳಗೆ ನ್ಯಾಯವಾದ ಪರಿಹಾರ ಮಾತ್ರ ಕೊಡಿಸುತ್ತದೆ. ದೆಹಲಿಯ ಫತೇಚಂದ್ ಪ್ರಕರಣ ಇಲ್ಲಿ ನೆನಪಿಡಬೇಕಾದದ್ದು. ಅಲ್ಲಿ ಕೊಳ್ಳುವವನು ಖಾತ್ರಿ ಹಣವಾಗಿ 1,000 ರೂಪಾಯಿ, ಆಮೇಲೆ ಬೆಲೆಯ ಭಾಗವಾಗಿ 24,000 ರೂಪಾಯಿ ಕೊಟ್ಟಿದ್ದ. ಎರಡನ್ನೂ ಮಾರುವವನು ಉಳಿಸಿಕೊಳ್ಳಬಹುದೆಂದು ಪತ್ರದಲ್ಲಿ ಬರೆದಿತ್ತು. 1963ರಲ್ಲಿ ಸುಪ್ರೀಂ ಕೋರ್ಟ್, ಸಾವಿರ ರೂಪಾಯಿಯ ಮಟ್ಟಿಗೆ ಸರಿ, ಉಳಿದ ಇಪ್ಪತ್ತನಾಲ್ಕು ಸಾವಿರ ದಂಡದ ಸ್ವರೂಪದ್ದು ಎಂದಿತು. ಹೀಗಾಗಿ ಕೊಟ್ಟ ಹಣದಲ್ಲಿ ಖಾತ್ರಿ ಎಷ್ಟು, ಬೆಲೆಯ ಭಾಗ ಎಷ್ಟು ಎಂದು ಬಿಡಿಸಿ ಬರೆಯಿರಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಸ್ಟಾಂಪ್ ಡ್ಯೂಟಿ ಉಳಿಸಲು ಬೆಲೆಯನ್ನು ಕಮ್ಮಿ ಬರೆಸಿ ಉಳಿದದ್ದನ್ನು ಕೈಯಲ್ಲಿ ಕೊಡುವವರು, ವ್ಯವಹಾರ ಮುರಿದಾಗ ಆ ಹಣ ಕೊಟ್ಟೆವೆಂದು ಹೇಗೆ ತೋರಿಸುತ್ತಾರೆ?

ಅವಧಿಯ ವಿಷಯ ಇದಕ್ಕಿಂತ ಗಂಭೀರ. ಕರಾರಿನಂತೆ ನಡೆಸಿಕೊಡಿ ಎಂದು ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯ 54ನೇ ಅನುಚ್ಛೇದ ಕೊಡುವುದು ಮೂರು ವರ್ಷ. ಪತ್ರದಲ್ಲಿ ನಡೆಸಿಕೊಡಬೇಕಾದ ದಿನಾಂಕ ಇದ್ದರೆ ಅಂದಿನಿಂದ, ಇಲ್ಲದಿದ್ದರೆ "ಕೊಡುವುದಿಲ್ಲ" ಎಂದದ್ದು ತಿಳಿದ ದಿನದಿಂದ. ನಮ್ಮ ತಿಪಟೂರು ಎತ್ತರದ ತಳಿಯ ತೆಂಗಿನ ಸಸಿ ಮೊದಲ ಹೊಂಬಾಳೆ ತೋರಲು ಆರೇಳು ವರ್ಷ ಬೇಕು. ಕರಾರಿನ ಮೇಲೆ ಖಾಲಿ ಹೊಲ ಸ್ವಾಧೀನ ಪಡೆದು ಸಸಿ ನೆಟ್ಟವನು, "ಕೊಡುತ್ತಾರೆ ಬಿಡು, ನಮ್ಮವರೇ" ಎಂದು ಸುಮ್ಮನಿದ್ದರೆ, ಮರ ಫಲಕ್ಕೆ ಬರುವ ಎಷ್ಟೋ ಮೊದಲೇ ಅವನ ದಾವೆಯ ಹಕ್ಕು ಸತ್ತಿರಬಹುದು. ಮಾರುವವನು ಸಬೂಬು ಹೇಳುತ್ತಿದ್ದರೆ ಲೀಗಲ್ ನೋಟಿಸ್ ಕೊಡಲು ಸಂಕೋಚ ಬೇಡ. ಅವಧಿ ವಿಸ್ತರಿಸಿದರೆ ಅದೂ ಬರಹದಲ್ಲಿ, ಇಬ್ಬರ ಸಹಿಯೊಂದಿಗೆ ಇರಲಿ.

ಕೋರ್ಟಿಗೆ ಹೋದವನು ತನ್ನ ಪಾಲಿನ ಹಣ ಕೊಡಲು ಮೊದಲಿನಿಂದಲೂ ಸಿದ್ಧನಿದ್ದೆ, ಇಚ್ಛೆಯೂ ಇತ್ತು ಎಂದು ತೋರಿಸಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 16ನೇ ಕಲಂ ಕೇಳುವುದು ಇದನ್ನೇ. ಬ್ಯಾಂಕಿನ ಪಾಸ್‌ಬುಕ್, ಸಾಲ ಮಂಜೂರಾತಿ ಪತ್ರ, ಉಳಿದ ಹಣ ತೆಗೆದುಕೊಳ್ಳಿ ಎಂದು ಬರೆದ ನೋಟಿಸ್ ಇವು ಆಗ ಕೆಲಸಕ್ಕೆ ಬರುತ್ತವೆ. ಜಮೀನಿನ ಕರಾರಿನಲ್ಲಿ ಅವಧಿಯೇ ಜೀವಾಳವಲ್ಲ, ಒಂದೆರಡು ತಿಂಗಳು ತಡವಾದರೆ ಪರವಾಗಿಲ್ಲ ಎಂಬ ಹಳೆಯ ಧೋರಣೆಯನ್ನೂ ಈಗ ನೆಚ್ಚಿಕೊಳ್ಳುವಂತಿಲ್ಲ. ಜಮೀನಿನ ಬೆಲೆ ಏರುವ ವೇಗ ಬದಲಾಗಿದೆ, ಬರೆದ ಅವಧಿಗೆ ಬೆಲೆ ಕೊಡಬೇಕು ಎಂದು 2011ರಲ್ಲಿ ಶಾರದಾಮಣಿ ಕಂದಪ್ಪನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿದೆ. ಮಾರುವವರಿಗೂ ಒಂದು ಮಾತು: ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ಕರಾರಿನಂತೆ ನಡೆಸಿಕೊಡಿಸುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು ಎಂಬ ಹಿಂದಿನ ಸಡಿಲವನ್ನು ತೆಗೆದಿದೆ. ಬೆಲೆ ಏರಿತೆಂದು ಹಿಂದೆ ಸರಿಯುವುದು ಈಗ ಮೊದಲಿಗಿಂತ ಕಷ್ಟ.

ನೋಂದಣಿ ಮಾಡಿಸದ ಕರಾರಿಗೆ ಬೆಲೆ ಇಲ್ಲವೇ? ಇದೆ, ಆದರೆ ಅರ್ಧ. ಕರಾರಿನಂತೆ ನಡೆಸಿಕೊಡಿ ಎಂಬ ದಾವೆಯಲ್ಲಿ ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು. ಆದರೆ ಅದು ಋಣಭಾರ ಪತ್ರದಲ್ಲಿ (ಇ.ಸಿ.) ಕಾಣುವುದಿಲ್ಲ. ಮಾರುವವನು ಹೆಚ್ಚಿನ ಬೆಲೆಗೆ ಇನ್ನೊಬ್ಬನಿಗೆ ಕ್ರಯ ಮಾಡಿಕೊಟ್ಟರೆ, ನಿಮ್ಮ ಕರಾರಿನ ವಿಷಯ ಅರಿಯದೆ ಪೂರ್ತಿ ಹಣ ಕೊಟ್ಟು ಕೊಂಡ ಆ ಎರಡನೆಯವನನ್ನು ಕಾನೂನು ಕಾಪಾಡುತ್ತದೆ. ನೋಂದಾಯಿತ ಕರಾರಾದರೆ ಊರಿಗೆಲ್ಲ ತಿಳಿಸಿದಂತೆಯೇ ಲೆಕ್ಕ.

ಸ್ವಾಧೀನದ ಸಾಲಿನ ಬಗ್ಗೆ ವಿಶೇಷ ಎಚ್ಚರ ಬೇಕು. "ಈ ದಿನವೇ ಸ್ವಾಧೀನ ಬಿಟ್ಟುಕೊಟ್ಟಿದ್ದೇವೆ" ಎಂದು ಬರೆದ ಕೂಡಲೇ ಕರ್ನಾಟಕ ಸ್ಟಾಂಪ್ ಕಾಯ್ದೆಯ ಪ್ರಕಾರ ಆ ಕರಾರಿಗೆ ಕ್ರಯಪತ್ರದಷ್ಟೇ ಡ್ಯೂಟಿ ಬೀಳುತ್ತದೆ. ಇನ್ನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಬರೆದಿಟ್ಟುಕೊಂಡಿದ್ದರೆ, ಕೋರ್ಟಿನಲ್ಲಿ ಅದನ್ನು ಹಾಜರುಪಡಿಸಿದ ದಿನ ಬಾಕಿ ಡ್ಯೂಟಿಯ ಜೊತೆಗೆ ಅದರ ಹತ್ತು ಪಟ್ಟು ದಂಡ. ಗಂಗಪ್ಪ ಮತ್ತು ಫಕ್ಕೀರಪ್ಪ ನಡುವಿನ ನಮ್ಮ ರಾಜ್ಯದ್ದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹತ್ತು ಪಟ್ಟನ್ನು ಕಡಿಮೆ ಮಾಡುವ ಅಧಿಕಾರ ಸಿವಿಲ್ ಕೋರ್ಟಿಗೆ ಇಲ್ಲ ಎಂದು ಹೇಳಿತು. 2001ರ ಸೆಪ್ಟೆಂಬರ್ 24ರ ನಂತರದ ಕರಾರಾದರೆ, ಸ್ವಾಧೀನದಲ್ಲಿರುವವನಿಗೆ ಸ್ವತ್ತು ವರ್ಗಾವಣೆ ಕಾಯ್ದೆಯ 53ಎ ಕಲಂ ಕೊಡುವ ರಕ್ಷಣೆಗೂ ನೋಂದಣಿ ಕಡ್ಡಾಯ. ಆ ರಕ್ಷಣೆಯೂ ತನ್ನನ್ನು ತೋಟದಿಂದ ಬಿಡಿಸದಂತೆ ತಡೆಯಲು ಮಾತ್ರ, ಅದರಿಂದ ಯಾರೂ ಮಾಲೀಕರಾಗುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಬಗೆಯ ಕರಾರು. ಮಗಳ ಮದುವೆಗೋ ಆಸ್ಪತ್ರೆಗೋ ಕೈಸಾಲ ಬೇಕಾದ ರೈತನಿಂದ ಸಾಲ ಕೊಡುವವನು ಬರೆಸಿಕೊಳ್ಳುವುದು ಸಾಲಪತ್ರ ಅಲ್ಲ, ಕ್ರಯದ ಕರಾರು. ಸಾಲದ ಮೊತ್ತವೇ ಅಲ್ಲಿ ಅಡ್ವಾನ್ಸ್. ತೀರಿಸಿದರೆ ಕಾಗದ ಹರಿದುಹಾಕುತ್ತೇನೆ ಎಂಬುದು ಬಾಯಿಮಾತು. ಬಡ್ಡಿ ಬೆಳೆದು ಸಾಲ ನಿಂತಾಗ, ಅದೇ ಕಾಗದ ಹಿಡಿದು ತೋಟ ಬರೆದುಕೊಡು ಎಂಬ ದಾವೆ ಬರುತ್ತದೆ. ಆ ಪತ್ರ ನಿಜವಾದ ಮಾರಾಟಕ್ಕಾಗಿ ಬರೆದದ್ದೇ ಅಲ್ಲ ಎಂದು ಬಾಯಿಸಾಕ್ಷ್ಯದಿಂದ ತೋರಿಸಲು ಅವಕಾಶವಿದೆ, ಗಂಗಾಬಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ. ಮಾರುಕಟ್ಟೆ ಬೆಲೆಯ ಕಾಲು ಭಾಗಕ್ಕೆ ತೋಟ ಮಾರಲು ಒಪ್ಪಿದಂತೆ ಬರೆದಿರುವುದು, ಬಡ್ಡಿ ಕಟ್ಟಿದ ಲೆಕ್ಕ, ತೋಟ ಸಾಲಗಾರನ ಅನುಭವದಲ್ಲೇ ಉಳಿದಿರುವುದು ಇಂಥ ಕಡೆ ಅವನ ಪರವಾಗಿ ಮಾತಾಡುವ ಸಂಗತಿಗಳು. ಆದರೂ ಸಹಿಯ ಎದುರು ನಿಂತು ಸತ್ಯ ಹೇಳುವುದು ದೊಡ್ಡ ಹೋರಾಟ. ಸಾಲ ಅನಿವಾರ್ಯವಾದರೆ ಸಾಲವೆಂದೇ ಬರೆಸಿ. ತೋಟವನ್ನೇ ಒತ್ತೆ ಇಡಬೇಕಾದರೆ ನೋಂದಾಯಿತ ಭೋಗ್ಯವಾಗಲಿ. ಭೋಗ್ಯದ ಜಮೀನನ್ನು ಹಣ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು, ಹಣ ತೀರುವವರೆಗೆ, ವರ್ಷಗಳು ಕಳೆದವೆಂಬ ಒಂದೇ ಕಾರಣಕ್ಕೆ ಸಾಯುವುದಿಲ್ಲ ಎಂದು 2014ರಲ್ಲಿ ಸಿಂಗ್ ರಾಮ್ ಪ್ರಕರಣದ ತೀರ್ಪು ಹೇಳಿದೆ.

ಮಂಜೂರಾತಿ ಜಮೀನಿನಲ್ಲಿ ಕರಾರಿನ ಉದ್ದೇಶವೇ ಕಾನೂನಿಗೆ ವಿರುದ್ಧವಾಗಬಹುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ, 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅಂಥ ಮಾರಾಟವನ್ನು ಶೂನ್ಯ ಎನ್ನುತ್ತದೆ. ಈ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಎತ್ತಿಹಿಡಿಯಿತು. ಭೂಮಿ ಮರಳಿ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಸೇರಿಸಿತು. ಬಡವನ ಕೈಗೆ ಬಂದ ತುಂಡು ಭೂಮಿ ಜಾರಿಹೋಗದಿರಲಿ ಎಂಬುದೇ ಇದರ ಆಶಯ, ಅದು ಸರಿಯಾದದ್ದು. ಕೊಳ್ಳುವವರು ಪಹಣಿಯಷ್ಟನ್ನೇ ನೋಡದೆ ಮೂಲ ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ಹಿಂದಿನ ಮ್ಯುಟೇಶನ್‌ಗಳನ್ನು ತೆಗೆಸಿ ನೋಡಬೇಕು. ಪಟ್ಟಣದ ಅಂಚಿನಲ್ಲಿ ಜನರಲ್ ಪವರ್ ಆಫ್ ಅಟಾರ್ನಿ (ಜಿ.ಪಿ.ಎ.) ಮೇಲೆ ಸೈಟು ಕೊಳ್ಳುವವರಿಗೆ ಒಂದೇ ಮಾತು ಸಾಕು: ಜಿ.ಪಿ.ಎ. ಮತ್ತು ಕರಾರಿನಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರ ಸೂರಜ್ ಲ್ಯಾಂಪ್ ತೀರ್ಪು ಖಚಿತವಾಗಿ ಹೇಳಿದೆ.

ವಕೀಲರ ಫೀಸಿಗೆ ಹೆದರಿ ಕಾಗದ ಓದಿಸದೆ ಸಹಿ ಹಾಕುವವರಿಗೆ ಒಂದು ವಿಷಯ ತಿಳಿದಿರಲಿ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಪಡೆಯಲು ಅರ್ಹರು, ಉಳಿದ ಹಲವರಿಗೆ ಆದಾಯದ ಮಿತಿ ಇದೆ. ಕಾನೂನು ನೆರವಿನ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100. ಕರಾರು ಪತ್ರದ ಕರಡು ಸಿದ್ಧವಾದ ಮೇಲೆ, ಅಡ್ವಾನ್ಸ್ ಎಣಿಸುವ ಮೊದಲು, ಅದನ್ನು ತೆಗೆದುಕೊಂಡು ಅಲ್ಲಿಗೆ ಹೋಗಿ.